ಸುರಂಗದ ನೀರಿಗೆ ನಾನು ಸುರಿದ ಬಣ್ಣ

ಹೋದ ತಿಂಗಳು ನನ್ನ ಬಲಗಾಲಿನ ಬೆರಳ ಸಂದಿಗೆ ನಂಜಾಯಿತು. ಇಂಥದ್ದನ್ನು ಸಸಾರ ಮಾಡಬೇಡಿ ಎಂದು ಇದೇ ಅಂಕಣದಲ್ಲಿ ಎರಡು ಸಲ ನಿಮಗೆಲ್ಲ ಬುದ್ಧಿ ಹೇಳಿದ ಮನುಷ್ಯ ನಾನು. ಆದರೂ ಕಾಲುಚೀಲದೊಳಗೆ ಮುಚ್ಚಿಟ್ಟುಕೊಂಡು ಹದಿನೈದು ದಿನ ಕಳೆದೆ. ಕೊನೆಗೆ ಸೊಸೆ ಸುನಂದಾ ಪತ್ತೆ ಹಚ್ಚಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಒಂದು ಮುಲಾಮು, ಒಂದು ಸಣ್ಣ ಪೊಟ್ಟಣ ಹರಳು ಬರೆದುಕೊಟ್ಟರು. ಉಗುರು ಬೆಚ್ಚನೆಯ ನೀರಿಗೆ ನಾಲ್ಕು ಹರಳು ಹಾಕಿ ಕಾಲು ನೆನೆಸಬೇಕು, ಅಷ್ಟೆ.

ಸುನಂದಾ ಪ್ಲಾಸ್ಟಿಕ್ ಬೋಗುಣಿಯಲ್ಲಿ ನೀರು ತಂದು ನನ್ನ ಕುರ್ಚಿಯ ಮುಂದಿಟ್ಟಳು. ಹರಳು ಉದುರಿಸಿದಳು. ಒಂದೊಂದು ಹರಳಿನಿಂದಲೂ ನೇರಳೆ ಬಣ್ಣದ ಎಳೆ ಕೆಳಗಿಳಿಯಿತು, ಸುತ್ತಿತು, ಹರಡಿತು, ಬೋಗುಣಿಯ ನೀರೆಲ್ಲ ಗುಲಾಬಿಯಾಯಿತು. ನಾನು ಎರಡೂ ಕಾಲು ಮೇಲಕ್ಕೆ ಎಳೆದುಕೊಂಡೆ.

"ಸುಡ್ತಾದೇನ್ರಿ ಮಾವಾರ?" ಎಂದಳು.

"ಇಲ್ಲವ್ವ."

"ಮತ್ತ ಕಾಲ್ ಯಾಕ ತಕ್ಕೊಂಡ್ರಿ?"

ಅವಳು ಸ್ವಲ್ಪ ಹೊತ್ತು ಕಾದು, ಮುದುಕರ ಹಟ ಎಂದುಕೊಂಡು, ನೀರನ್ನು ತುಳಸಿಕಟ್ಟೆಯ ಆಚೆ ಚೆಲ್ಲಿ ಬಂದಳು. ಫರಸಿಯ ಮೇಲೆ ಹರಿದ ನೀರಿನ ಕೆಂಪು ಒಣಗಿ ಕಂದಾಗುವತನಕ ನಾನು ಅದನ್ನೇ ನೋಡುತ್ತಿದ್ದೆ.

ಇದು ನನ್ನ ಕೊನೆಯ ಬರಹ. ಕಣ್ಣು ಸೋತಿವೆ. ಓದದೆ ಬರೆಯುವವರೂ ಇದ್ದಾರೆ, ನನಗೆ ಅದು ಬರುವುದಿಲ್ಲ. ವಿದಾಯಕ್ಕೆಂದು ಒಂದು ಲೇಖನ ಆಗಲೇ ಸಿದ್ಧವಾಗಿತ್ತು. ಇರುವೆಗಳಿಂದ ಹೊರಟು ನಕ್ಷತ್ರಗಳವರೆಗೆ ಹೋಗುವ, ಓದಿದವರು ತಲೆದೂಗುವಂಥ ಲೇಖನ. ಆ ಬೋಗುಣಿ ನೋಡಿದ ದಿನ ಸಂಜೆ ಅದನ್ನು ಹರಿದು ಹಾಕಿದೆ. ಇಷ್ಟು ವರ್ಷ ನೀವು ಪತ್ರ ಬರೆದು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚು ಸಲ ಬಂದದ್ದು ಒಂದೇ: ನಿಮಗೆ ಈ ಕುತೂಹಲದ ಹುಚ್ಚು ಹತ್ತಿದ್ದು ಹೇಗೆ? ಚಿಕ್ಕವನಿದ್ದಾಗ ಭಾಲ್ಕಿಯ ಸಂತೆಯಲ್ಲಿ ಅಪ್ಪ ಕೊಡಿಸಿದ ಆಯಸ್ಕಾಂತದ ಕಥೆ ಹೇಳಿ ನಾನು ನಿಮ್ಮನ್ನು ಸಮಾಧಾನ ಮಾಡುತ್ತ ಬಂದೆ. ಆಯಸ್ಕಾಂತ ಸುಳ್ಳಲ್ಲ. ಆದರೆ ಕುತೂಹಲದ ಬಗ್ಗೆ ಯಾರು ಕೇಳಿದರೂ ನನಗೆ ಮೊದಲು ನೆನಪಾಗುತ್ತಿದ್ದದ್ದು ಐವತ್ತಾರನೆಯ ಇಸವಿಯ ಮಳೆಗಾಲದ ಕೊನೆ, ನೌಬಾದಿನ ಸುರಂಗ ಬಾವಿ, ಮತ್ತು ತುಳಜಮ್ಮ ಎಂಬ ಹೆಂಗಸು. ಅದನ್ನು ಬರೆಯುವ ಧೈರ್ಯ ನನಗಿರಲಿಲ್ಲ.

ಆ ವರ್ಷ ನನಗೆ ಇಪ್ಪತ್ತೆರಡು. ಬೀದರಿನ ಒಂದು ಹೈಸ್ಕೂಲಿನಲ್ಲಿ ಹಂಗಾಮಿ ಮಾಸ್ತರನಾಗಿ ಸೇರಿದ್ದೆ. ಈಗ ಗಾಂಧಿ ಗಂಜ ಎನ್ನುವ ಕಡೆ ಒಂದು ಅಡತಿ ಅಂಗಡಿಯ ಮಾಳಿಗೆಯ ಮೇಲೆ ನನ್ನ ಕೋಣೆ. ಕೆಳಗೆ ಇಡೀ ದಿನ ಹಮಾಲರು ಚೀಲ ಇಳಿಸುತ್ತಿದ್ದರು, ತೊಗರಿಯ ಧೂಳು ಮೆಟ್ಟಿಲು ಹತ್ತಿ ನನ್ನ ಹಾಸಿಗೆಯವರೆಗೆ ಬರುತ್ತಿತ್ತು. ಆ ಸಲ ಮಳೆ ಬಿಡದೆ ಹೊಡೆಯಿತು. ಕೋಟೆಯ ಕೆಂಪು ಗೋಡೆಗಳು ಪಾಚಿಗಟ್ಟಿ ಕಪ್ಪಾಗಿದ್ದವು. ಹೆಸರು, ಉದ್ದು ಹೊಲದಲ್ಲೇ ಮೊಳೆತವು. ಊರಿನ ಮೇಲೆ ಒಂದು ಬಗೆಯ ಮಂಕು ಕವಿದಿತ್ತು. ಅದಕ್ಕೆ ಮಳೆಯೊಂದೇ ಕಾರಣವಲ್ಲ.

ಹೈದರಾಬಾದ ರಾಜ್ಯ ಒಡೆಯುವುದು ನಿಶ್ಚಯವಾಗಿತ್ತು. ನಾವು ಮೈಸೂರಿಗೆ ಸೇರುವವರು. ಕನ್ನಡದ ಜನಕ್ಕೆ ಅದು ಹಬ್ಬ, ನನಗೂ ಹಬ್ಬವೇ. ಹೊರಗೆ ಉರ್ದು ಹಲಗೆ ತೂಗುಹಾಕಿ ಒಳಗೆ ಕನ್ನಡ ತಿದ್ದಿಸುತ್ತಿದ್ದ ಕಾಲದಲ್ಲಿ ಭಾಲ್ಕಿಯಲ್ಲಿ ಅಕ್ಷರ ಕಲಿತವನು ನಾನು. ಆದರೆ ಕಚೇರಿಗಳಲ್ಲಿ ಬೇರೆಯೇ ಗಾಳಿ. ಕಡತಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದರು. ಯಾರು ಮೈಸೂರಿಗೆ, ಯಾರು ಮುಂಬಯಿ ಕಡೆಗೆ, ಯಾರು ಆಂಧ್ರಕ್ಕೆ ಎಂದು ಪಟ್ಟಿ ಬರುತ್ತಿದ್ದವು, ಮತ್ತೆ ಬದಲಾಗುತ್ತಿದ್ದವು. ಇಪ್ಪತ್ತು ವರ್ಷ ಒಂದೇ ಮೇಜಿನಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಲಾಗದೆ ಚಹಾ ಕುಡಿಯುತ್ತಿದ್ದರು. ನನ್ನಂಥ ಹಂಗಾಮಿಗಳಿಗಂತೂ ಹೊಸ ರಾಜ್ಯ ಇಟ್ಟುಕೊಳ್ಳುತ್ತದೋ ಮನೆಗೆ ಕಳಿಸುತ್ತದೋ ಎಂಬ ಚಿಂತೆ.

ನಮ್ಮ ಶಾಲೆಯ ವಿಜ್ಞಾನದ ಮಾಸ್ತರರು ಮಾಣಿಕರಾಯರು. ಔರಾದಿನವರು. ಮನೆಯಲ್ಲಿ ಮರಾಠಿ, ಪೇಟೆಯಲ್ಲಿ ಕನ್ನಡ, ಪಾಠದಲ್ಲಿ ಉರ್ದು. ಹೈದರಾಬಾದಿನಲ್ಲಿ ವಿಜ್ಞಾನವನ್ನು ಉರ್ದುವಿನಲ್ಲೇ ಓದಿದವರು. ಐವತ್ತು ದಾಟಿದ, ತೆಳ್ಳನೆಯ, ಸದಾ ಕರಿ ಟೋಪಿಯ ಮನುಷ್ಯ. ಶಾಲೆಯಲ್ಲಿ ಪ್ರಯೋಗಶಾಲೆ ಎಂದರೆ ಅವರ ಬೀರು. ಅದರ ಕೀಲಿ ಜನಿವಾರದ ಹಾಗೆ ಅವರ ಮೈಮೇಲೆಯೇ ಇರುತ್ತಿತ್ತು.

ಮುಂದೆ ಪಾಠವೆಲ್ಲ ಕನ್ನಡದಲ್ಲಿ ನಡೆಯಬೇಕೆಂಬ ಮಾತು ಕಿವಿಗೆ ಬಿದ್ದ ದಿನ ಅವರು ನನ್ನನ್ನು ಕರೆದರು. "ಶಿವರಾಜ, ನನಗ ಕನ್ನಡ ಬರ್ತದ, ಖರೇ. ಕಾಯಿಪಲ್ಲೆ ತರೋ ಕನ್ನಡ. ಅದರಾಗ ಸೈನ್ಸ್ ಹ್ಯಾಂಗ ಹೇಳ್ಲಿ? ದಿನಾ ಸಂಜಿಗಿ ಮನಿಗಿ ಬಾ. ನಾ ಉರ್ದು ಶಬ್ದ ಹೇಳ್ತೇನಿ, ನೀ ಕನ್ನಡದ್ದು ಹೇಳು. ಇಬ್ಬರೂ ಕೂಡಿ ಬರ್ದಿಡೋಣು."

ಹಾಗೆ ಶುರುವಾಯಿತು. ಅವರ ಮನೆ ನೌಬಾದಿನಲ್ಲಿ. ಊರ ಹೊರಗೆ ಬಾಡಿಗೆ ಅಗ್ಗ. ನಾನು ಸಂಜೆ ಕೊಡೆ ಹಿಡಿದು ನಡೆದು ಹೋಗುತ್ತಿದ್ದೆ. ಅವರು "ಹರಾರತ್" ಎಂದರೆ ನಾನು "ಉಷ್ಣ" ಎನ್ನುತ್ತಿದ್ದೆ. "ಮುಶಾಹಿದಾ" ಎಂದರೆ "ವೀಕ್ಷಣೆ". ಕೆಲವಕ್ಕೆ ನನ್ನಲ್ಲಿ ಶಬ್ದವೇ ಇರುತ್ತಿರಲಿಲ್ಲ. ಆಗ ಅವರು ಆ ಸಂಗತಿಯನ್ನು ಲೋಟ, ದಾರ, ಕಡ್ಡಿಪೆಟ್ಟಿಗೆ ಇಟ್ಟುಕೊಂಡು ಮಾಡಿ ತೋರಿಸಿ, "ಇದಕ್ಕ ನಿಮ್ಮವ್ವ ಏನಂತಾಳ?" ಎಂದು ಕೇಳುತ್ತಿದ್ದರು. ಓದುಗರೇ, ನನ್ನ ಕನ್ನಡ ಸರಳವೆಂದು ನೀವು ಹೊಗಳಿದ್ದೀರಿ. ಆ ಸರಳತೆ ಆ ಪಡಸಾಲೆಯಲ್ಲಿ, ಆ ಒಂದು ಪ್ರಶ್ನೆಯಿಂದ ಹುಟ್ಟಿದ್ದು. ಅವರ ಹೆಸರನ್ನು ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಬರೆದಿಲ್ಲ.

ನೌಬಾದಿನ ಸುರಂಗ ಬಾವಿ ಗೊತ್ತಿಲ್ಲದವರಿಗೆ ಎರಡು ಮಾತು. ಸುಲ್ತಾನರ ಕಾಲದಲ್ಲಿ ಕೆಂಪು ಕಲ್ಲಿನ ಹೊಟ್ಟೆಯೊಳಗೆ ಕೊರೆದ ಉದ್ದನೆಯ ಕಾಲುವೆ ಅದು. ನೆಲದ ಮೇಲೆ ದೂರ ದೂರಕ್ಕೆ ಅದರ ಬಾಯಿಗಳು. ನೋಡಿದರೆ ಬೇರೆ ಬೇರೆ ಬಾವಿಗಳಂತೆ ಕಾಣುತ್ತವೆ. ಕೆಳಗೆ ನೀರು ಕತ್ತಲಲ್ಲಿ ಹರಿಯುತ್ತದೆ. ನಾನು ಹೇಳುವ ಕಾಲದಲ್ಲಿ ಮೇಲಿನ ಬಾಯಿಗಳಿಗೆ ರಾಟೆ ಹಾಕಿ ಮೇಲಿನ ಓಣಿಯವರು ಸೇದುತ್ತಿದ್ದರು. ಇಳಿಜಾರಿನಲ್ಲಿ ನೀರು ಬಯಲಿಗೆ ಬಂದು ಕಲ್ಲಿನ ತೊಟ್ಟಿಗೆ, ಅಲ್ಲಿಯವರ ಮಾತಿನಲ್ಲಿ ದೋಣಿಗೆ, ಬೀಳುವ ಕಡೆ ಕೇರಿಯವರು ತುಂಬಿಕೊಳ್ಳುತ್ತಿದ್ದರು. ಕೇರಿಯವರು ಮೇಲಿನ ಹಗ್ಗ ಮುಟ್ಟುವಂತಿರಲಿಲ್ಲ. ಆಗಿನ ಎಲ್ಲ ಊರುಗಳ ಹಾಗೆ ಅಲ್ಲಿಯೂ. ನಾನು ದಿನವೂ ಅದನ್ನು ದಾಟಿಕೊಂಡು ಹೋಗುತ್ತಿದ್ದೆ, ಮಳೆಯನ್ನು ನೋಡುವ ಹಾಗೆ ನೋಡಿಕೊಂಡು.

ಕೇರಿಯ ತುಳಜಮ್ಮನಿಗೆ ಮೂವತ್ತರೊಳಗಿನ ವಯಸ್ಸು. ಅಷ್ಟೂರಿನ ಹೊಲಗಳಿಗೆ ಕೂಲಿಗೆ ಹೋಗಿ ಸಂಜೆ ಬಂದು ನೀರು ತುಂಬುತ್ತಿದ್ದಳು. ಕಂಕುಳಲ್ಲಿ ನಾಲ್ಕು ವರ್ಷದ ಮಗಳು ರತ್ನಿ. ನನ್ನನ್ನು ಕಂಡರೆ "ಪಾಠಕ್ಕ ಹೊಂಟ್ರೇನ್ರಿ ಮಾಸ್ತರ್ರ" ಎಂದು ನಗುತ್ತಿದ್ದಳು. ಮಾಸ್ತರನೇ ಪಾಠಕ್ಕೆ ಹೋಗುವುದು ಅವಳಿಗೆ ತಮಾಷೆ. ದಸರೆ ಹತ್ತಿರ ಬಂದ ಒಂದು ಸಂಜೆ ಅವಳು ನಗಲಿಲ್ಲ. ಕೊಡವನ್ನು ಕಲ್ಲಿನ ಮೇಲಿಟ್ಟು ಕೇಳಿದಳು:

"ಮಾಸ್ತರ್ರ, ಒಂದ್ ಮಾತ ಕೇಳ್ಲೇನ್ರಿ? ಮ್ಯಾಲ ಆ ಮಂದಿ ಸೇದ್ತಾರಲ್ರಿ, ಆ ನೀರು. ಇಲ್ಲಿ ನಾವು ತುಂಬ್ಕೋತೇವಲ್ರಿ, ಈ ನೀರು. ಎರಡೂ ಒಂದೇ ಏನ್ರಿ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ನಾನು ಆಗಷ್ಟೇ ವಿಜ್ಞಾನಿಯಾಗುತ್ತಿದ್ದವನು. ನೋಡದೆ, ಅಳೆಯದೆ ಏನನ್ನೂ ಹೇಳಬಾರದೆಂದು ಪುಸ್ತಕದಲ್ಲಿ ಓದಿಕೊಂಡಿದ್ದೆ.

"ಪರೀಕ್ಷಾ ಮಾಡ್ದೇ ಹೇಳಬಾರದವ್ವ," ಎಂದೆ, ಗಂಭೀರವಾಗಿ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಹಂಗಾರ ಪರೀಕ್ಷಾ ಮಾಡೇ ಹೇಳ್ರಿ," ಎಂದು ಕೊಡ ಎತ್ತಿಕೊಂಡು ಹೋದಳು.

ನನಗೆ ಅವತ್ತು ಊಟ ರುಚಿಸಲಿಲ್ಲ. ಎಂಥ ಪ್ರಶ್ನೆ! ಅಕ್ಷರ ಬಾರದ ಹೆಂಗಸಿಗೆ ಎಂಥ ಕುತೂಹಲ! ನೆಲದೊಳಗಿನ ನೀರಿಗೆ ಮೇಲೆ ಬಣ್ಣ ಹಾಕಿ ಕೆಳಗೆ ಎಷ್ಟು ಹೊತ್ತಿಗೆ ಬರುತ್ತದೆಂದು ನೋಡುವ ವಿಧಾನವನ್ನು ಎಲ್ಲೋ ಓದಿದ್ದೆ. ಬಣ್ಣ ಯಾವುದು? ಕುಡಿಯುವ ನೀರು, ಅಪಾಯ ಆಗಬಾರದು. ಮಾಣಿಕರಾಯರ ಬೀರುವಿನಲ್ಲಿ ಒಂದು ಬಾಟಲಿ ತುಂಬ ಪೊಟ್ಯಾಸಿಯಂ ಪರ್ಮಾಂಗನೇಟ್ ಇತ್ತು. ಬಾವಿ ಶುದ್ಧ ಮಾಡಲು ಸರಕಾರದವರೇ ಹಾಕುವ ವಸ್ತು. ಜನ ಅದನ್ನು ಲಾಲ್ ದವಾ ಎನ್ನುತ್ತಿದ್ದರು, ಕೆಂಪು ಔಷಧ. ಇದಕ್ಕಿಂತ ನಿರಪಾಯದ್ದು ಇನ್ನೇನಿದೆ ಎಂದುಕೊಂಡೆ. ನನ್ನ ಲೆಕ್ಕ ಅಷ್ಟಕ್ಕೆ ನಿಂತಿತು.

ದಸರೆ ರಜೆ ಬಂತು. ಮಾಣಿಕರಾಯರು ಎರಡು ದಿನಕ್ಕೆಂದು ಔರಾದಿಗೆ ಹೊರಟಾಗ, ಬೀರುವಿನ ಗಾಜುಗಳನ್ನು ಒರೆಸಿಡು ಎಂದು ಕೀಲಿ ನನ್ನ ಕೈಗೆ ಕೊಟ್ಟರು. ಅವರು ಯಾರಿಗೂ ಕೀಲಿ ಕೊಟ್ಟವರಲ್ಲ. ಮರುದಿನ ಬೆಳಕು ಹರಿಯುವಾಗ ನಾನು ಮೇಲಿನ ಬಾಯಿಯ ಹತ್ತಿರ ನಿಂತಿದ್ದೆ. ಇನ್ನೂ ಯಾರೂ ಸೇದಲು ಬಂದಿರಲಿಲ್ಲ. ಸ್ವಲ್ಪ ಹಾಕಿದರೆ ಹರಿವಿನಲ್ಲಿ ಕಳೆದುಹೋಗುತ್ತದೆಂದು ಇಡೀ ಬಾಟಲಿ ಸುರಿದೆ. ಅಂಗಡಿಯ ಮಾಲೀಕರಿಂದ ಕೇಳಿ ತಂದ ಕೈಗಡಿಯಾರದಲ್ಲಿ ಹೊತ್ತು ನೋಡಿ ನೋಟುಬುಕ್ಕಿನಲ್ಲಿ ಬರೆದು, ಇಳಿಜಾರು ಇಳಿದು, ಕಲ್ಲಿನ ದೋಣಿಯ ಎದುರು ಕೂತೆ.

ಎರಡು ತಾಸು ನಲವತ್ತು ನಿಮಿಷ. ಮೊದಲು ನನ್ನ ಕಣ್ಣಿನ ಭ್ರಮೆಯೆನಿಸಿತು. ಆಮೇಲೆ ನೀರಿನ ಅಂಚಿನಲ್ಲಿ ಒಂದು ಗುಲಾಬಿ ಎಳೆ, ನೋಡನೋಡುತ್ತ ಇಡೀ ಧಾರೆ. ನನ್ನ ಜೀವನದಲ್ಲಿ ಅಷ್ಟು ಸಂತೋಷದ ಗಳಿಗೆ ಆ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳಲೇಬೇಕು. ಒಂದೇ ನೀರು! ತುಳಜಮ್ಮನಿಗೆ ಹೇಳಬೇಕೆಂದು ಸುತ್ತ ನೋಡಿದೆ. ಅವಳು ಆಗಲೇ ಅಷ್ಟೂರಿಗೆ ಕೂಲಿಗೆ ಹೋಗಿದ್ದಳು.

ಬಂದವರು ಬೇರೆ ನಾಲ್ಕು ಹೆಂಗಸರು. ನೀರು ನೋಡಿದ್ದೇ ಒಬ್ಬಳ ಕೈಯಿಂದ ಕೊಡ ಜಾರಿತು. "ಲಾಲ್ ದವಾ ಬಿಟ್ಟಾರವ್ವ," ಎಂದಳು ಮುದುಕಿಯೊಬ್ಬಳು, ಬಹಳ ಮೆಲ್ಲಗೆ. "ಪಟಕಿ ಬಂದದ."

ಪಟಕಿ ಎಂದರೆ ಕಾಲರಾ. ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನನ್ನ ಪುಸ್ತಕದಲ್ಲಿ ಆ ಬಣ್ಣ ಶುದ್ಧಿಯ ಗುರುತು. ಕೇರಿಯ ನೆನಪಿನಲ್ಲಿ ಅದು ಸಾವಿನ ಗುರುತು. ಹಿಂದೆ ಎರಡು ಸಲ ಕೇರಿಯಲ್ಲಿ ಹೆಣ ಬಿದ್ದ ಮೇಲೆ ಸರಕಾರದವರು ಬಂದು ನೀರು ಕೆಂಪು ಮಾಡಿ ಹೋಗಿದ್ದರು. ಎರಡು ಸಲವೂ ನೀರು ಕೆಂಪಾದ ಮೇಲೂ ಜನ ಸತ್ತಿದ್ದರು. ಹಾಗಾಗಿ ಕೆಂಪು ನೀರು ಕಂಡರೆ ಆ ನೀರನ್ನು ಬಿಟ್ಟುಬಿಡಬೇಕು ಎಂಬುದೇ ಅವರು ಕಲಿತ ಪಾಠ.

ಮುದುಕಿ ನನ್ನ ಕಡೆ ತಿರುಗಿದಳು. "ಮಾಸ್ತರ್ರ, ನೀವು ಇಲ್ಲೇ ಕುಂತೀರಿ. ಯಾರ್ ಬಿಟ್ಟಾರ್ರಿ ಇದು?"

ನೋಟುಬುಕ್ಕು ನನ್ನ ತೊಡೆಯ ಮೇಲಿತ್ತು. "ಗೊತ್ತಿಲ್ಲವ್ವ," ಎಂದೆ.

ಯಾಕೆ ಹಾಗೆಂದೆ? ಕುಡಿಯುವ ನೀರಿಗೆ ಏನನ್ನೋ ಸುರಿದವನೆಂದು ಗೊತ್ತಾದರೆ ಕೆಲಸ ಹೋಗುತ್ತದೆ, ಹೊಸ ರಾಜ್ಯದ ಪಟ್ಟಿಯಲ್ಲಿ ಹೆಸರಿರುವುದಿಲ್ಲ ಎಂದು ಹೆದರಿದೆ. ಸಂಜೆಯೊಳಗೆ ಬಣ್ಣ ಹೋಗುತ್ತದೆ, ನಾಳೆ ಎಲ್ಲರೂ ಮರೆಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಬಣ್ಣ ಸಂಜೆಯೊಳಗೆ ಹೋಯಿತು. ಯಾರೂ ಮರೆಯಲಿಲ್ಲ.

ಮೇಲಿನ ಓಣಿಯವರು ಬಾಯಿಗಳ ಮೇಲೆ ಜಾಲಿಮುಳ್ಳು ಹಾಕಿ ಮುಚ್ಚಿದರು. ಅವರಲ್ಲಿ ಬಹಳ ಮನೆಗಳ ಹಿತ್ತಲಲ್ಲಿ ಬಾವಿ ಇದ್ದವು, ತೊಂದರೆಯಾಗಲಿಲ್ಲ. ಕೇರಿಗೆ ಬೇರೆ ನೀರಿರಲಿಲ್ಲ. ಅವರು ಕಲ್ಲು ಕಡಿದ ಕುಣಿಗಳಿಗೆ ಹೋದರು. ಮನೆ ಕಟ್ಟಲು ಕೆಂಪು ಕಲ್ಲು ತೆಗೆದ ಆಳದ ಹೊಂಡಗಳು ಅವು. ಮೂರು ತಿಂಗಳ ಮಳೆನೀರು, ಎಮ್ಮೆ ಈಜಾಡಿದ ನೀರು. ಕಾಲರಾ ಬಂದಿಲ್ಲ ಎಂದು ಹೇಳಬೇಕಾದ ಆರೋಗ್ಯದ ಅಧಿಕಾರಿ ವರ್ಗವಾಗಿ ಹೋಗಿದ್ದರು, ಅವರ ಜಾಗಕ್ಕೆ ಬರುವವರು ಇನ್ನೂ ಬಂದಿರಲಿಲ್ಲ. ರಾಜ್ಯವೇ ಕೈ ಬದಲಾಗುವ ಹೊತ್ತು. ಇಡೀ ಬೀದರಿನಲ್ಲಿ ಆ ಮಾತು ಹೇಳಬಲ್ಲವನು ನಾನೊಬ್ಬನೇ. ನಾನು ಗಂಜಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಜ್ವರವೆಂದು ಹೇಳಿ ಮಲಗಿದ್ದೆ. ಹಮಾಲರು ಕೆಳಗೆ ನೌಬಾದಿನ ಪಟಕಿಯ ಮಾತಾಡುವುದು ಕೇಳಿಸುತ್ತಿತ್ತು.

ಎರಡು ದಿನಕ್ಕೆಂದು ಹೋದ ಮಾಣಿಕರಾಯರು ನಾಲ್ಕನೆಯ ದಿನ ಔರಾದಿನಿಂದ ಬಂದರು. ಬಸ್ಸಿನಿಂದಿಳಿಯುತ್ತಲೇ ಕೆಂಪು ನೀರಿನ ಸುದ್ದಿ ಕೇಳಿ ಸೀದಾ ಶಾಲೆಗೆ ಹೋಗಿ, ಬೀರು ನೋಡಿ, ನನ್ನ ಮಾಳಿಗೆಗೆ ಬಂದರು. ಕೈಯಲ್ಲಿ ಖಾಲಿ ಬಾಟಲಿ. ಬುದ್ಧಿವಂತನಾದ ನಾನು ಅದನ್ನು ತೊಳೆದು ಅದರ ಜಾಗದಲ್ಲೇ ಇಟ್ಟು, ಕೀಲಿಯನ್ನು ಶಾಲೆಯಲ್ಲಿ ಅವರ ಮೇಜಿನ ಖಾನೆಯಲ್ಲಿಟ್ಟು ಬಂದಿದ್ದೆ.

"ಬಾಟ್ಲಿ ನೀ ಒಯ್ದಿಯೇನು?"

"ಇಲ್ರಿ," ಎಂದೆ.

ಅವರು ನನ್ನ ಬಲಗೈ ನೋಡಿದರು. ಬೆರಳ ತುದಿಗಳು, ಉಗುರುಗಳು ಇನ್ನೂ ಕಂದಾಗಿದ್ದವು. ಆ ಕಲೆ ಎಷ್ಟು ತೊಳೆದರೂ ಬೇಗ ಹೋಗುವುದಿಲ್ಲ, ವಿಜ್ಞಾನದ ಮಾಸ್ತರರಿಗೆ ಅದು ಗೊತ್ತು. ಟೋಪಿ ಸರಿ ಮಾಡಿಕೊಂಡು ಮೆಟ್ಟಿಲಿಳಿದು ಹೋದರು.

ಆಮೇಲಿನದು ನಾನು ಕಂಡದ್ದಲ್ಲ, ಜನರಿಂದ ಕೇಳಿದ್ದು. ಅವರು ನೌಬಾದಿಗೆ ಹೋಗಿ ಎಲ್ಲರನ್ನೂ ಕರೆದರಂತೆ. "ನೀರಿಗಿ ಲಾಲ್ ದವಾ ಹಾಕಿದಾಂವ ನಾ. ಸಾಲಿ ಕೆಲಸಕ್ಕ ಹಾಕಿದ್ದೆ. ಪಟಕಿ ಇಲ್ಲ, ಏನಿಲ್ಲ. ಈ ನೀರು ಚಲೋ ಅದ," ಎಂದು ಹೇಳಿ, ಕಲ್ಲಿನ ದೋಣಿಯಲ್ಲಿ ಕೇರಿಯವರ ಚರಿಗೆಯಿಂದಲೇ ನೀರು ತುಂಬಿ ಎಲ್ಲರ ಎದುರು ಕುಡಿದರಂತೆ. ಆ ಸಂಜೆಯಿಂದ ಕೇರಿಯವರು ಮತ್ತೆ ಸುರಂಗದ ನೀರು ತುಂಬಿದರು. ಮೇಲಿನ ಓಣಿಯವರು ಮಾತ್ರ ಮಾಸ್ತರರ ಮೇಲೆ ಉರಿದುಬಿದ್ದರು. ಎರಡು ಕಾರಣಕ್ಕೆ. ನೀರಿಗೆ ಔಷಧ ಸುರಿದದ್ದಕ್ಕೆ, ಮತ್ತು ಯಾವ ಚರಿಗೆಯಿಂದ ಕುಡಿದರೋ ಅದಕ್ಕೆ.

ತುಳಜಮ್ಮನಿಗೆ ಅವತ್ತು ಬೆಳಿಗ್ಗೆಯೇ ವಾಂತಿ ಭೇದಿ ಶುರುವಾಗಿತ್ತು. ಕುಣಿಯ ನೀರು ಕುಡಿದು ಕೇರಿಯಲ್ಲಿ ಆರೇಳು ಜನಕ್ಕೆ ಹೊಟ್ಟೆ ಕೆಟ್ಟಿತು. ಉಳಿದವರು ಎದ್ದರು. ಇವಳು ಎರಡನೆಯ ದಿನ ಮಧ್ಯಾಹ್ನ ಹೋದಳು.

ಕುಣಿಯ ನೀರಿನಿಂದಲೇ ಸತ್ತಳೆಂಬುದಕ್ಕೆ ಪುರಾವೆ ಏನು ಎಂದು ನಾನು ಎಷ್ಟೋ ವರ್ಷ ನನ್ನೊಡನೆ ವಾದ ಮಾಡಿದ್ದೇನೆ. ಪರೀಕ್ಷೆ ಮಾಡಿದವರಿಲ್ಲ, ಬೇರೆ ಕಾರಣ ಇರಬಹುದು, ಒಂದರ ಹಿಂದೆ ಇನ್ನೊಂದು ಬಂತೆಂದು ಒಂದರಿಂದಲೇ ಇನ್ನೊಂದು ಆಯಿತೆನ್ನಲು ಬರುವುದಿಲ್ಲ. ನಿಮಗೆ ಕಲಿಸಿದ ತರ್ಕವನ್ನೆಲ್ಲ ನಾನು ಮೊದಲು ನನ್ನನ್ನು ಬಿಡಿಸಿಕೊಳ್ಳಲು ಬಳಸಿದೆ. ಅದು ಒಂದು ದಿನವೂ ನನಗೆ ನಿದ್ದೆ ತರಲಿಲ್ಲ.

ನವೆಂಬರ್ ಒಂದು ಬಂತು. ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಮಳೆ ನಿಂತಿತ್ತು, ಚಳಿ ಇನ್ನೂ ಬಿದ್ದಿರಲಿಲ್ಲ. ಮಾವಿನ ತೋರಣ, ಮೆರವಣಿಗೆ, ಪೇಡೆ. ಅಚ್ಚ ಕನ್ನಡದಲ್ಲಿ ಮಾತಾಡಬಲ್ಲ ಮಾಸ್ತರನೆಂದು ನನ್ನನ್ನು ಮೇಜಿನ ಮೇಲೆ ಹತ್ತಿಸಿದರು. ಜ್ಞಾನದ ಬೆಳಕು ಇನ್ನು ತಾಯಿನುಡಿಯಲ್ಲಿ ಹರಿಯಲಿದೆ ಎಂದೇನೋ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕರಿ ಟೋಪಿ ಕಾಣುತ್ತಿತ್ತು. ಅದರ ಕೆಳಗಿನ ಮುಖ ನಾನು ನೋಡಲಿಲ್ಲ.

ಮಾಣಿಕರಾಯರ ಮೇಲೆ ದೂರು ಹೋಗಿತ್ತು. ವಿಚಾರಣೆಯಲ್ಲಿ ಅವರು ಹೇಳಿದ್ದು ಇಷ್ಟೇ: ಬೀರುವಿನ ಕೀಲಿ ತಮ್ಮ ಹತ್ತಿರ ಇರುತ್ತದೆ. ಔರಾದ ಕಡೆಯ ಒಂದು ಪ್ರಾಥಮಿಕ ಶಾಲೆಗೆ ವರ್ಗ ಮಾಡಿದರು. ಅವರ ಜಾಗಕ್ಕೆ, ಕನ್ನಡದಲ್ಲಿ ವಿಜ್ಞಾನ ಹೇಳಬಲ್ಲವನೆಂದು, ನನ್ನನ್ನು ಕಾಯಂ ಮಾಡಿದರು.

ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಅವರು ಕೀಲಿಯನ್ನೂ ನಾವಿಬ್ಬರೂ ಬರೆದ ಶಬ್ದಗಳ ವಹಿಯನ್ನೂ ನನ್ನ ಕೈಗಿಟ್ಟರು.

"ಮಾಸ್ತರ್ರ, ನಾ..." ಎಂದೆ.

"ನಾ ಹ್ಯಾಂಗೂ ಹೋಗಾಂವ, ಶಿವರಾಜ," ಎಂದರು. "ನನ್ನ ಸೈನ್ಸ್ ಹೈದರಾಬಾದಿನ ಕೂಡ ಹೋತು. ನೀ ಇರಾಂವ. ಇದನ್ನ ಪೂರಾ ಮಾಡು."

ಬಸ್ಸು ಹೋಯಿತು. ಎರಡು ಸಲ ಸುಳ್ಳು ಹೇಳಿದವನು, ಮೂರನೆಯ ಸಲ ಸುಮ್ಮನಿದ್ದೆ.

ಬೇಸಿಗೆಯಲ್ಲಿ ಒಮ್ಮೆ ಅವರನ್ನು ನೋಡಲು ಔರಾದಿಗೆ ಹೋದೆ. ಬಿಸಿಲಿಗೆ ನೆಲ ಬಿರಿದಿತ್ತು. ಒಂದೇ ಕೋಣೆಯ ಶಾಲೆಯಲ್ಲಿ ಮಕ್ಕಳಿಗೆ ಮರಾಠಿಯಲ್ಲಿ ಮಗ್ಗಿ ಹೇಳಿಸುತ್ತಿದ್ದರು. ನನ್ನನ್ನು ಕಂಡು ಸಂತೋಷಪಟ್ಟರು, ಚಹಾ ತರಿಸಿದರು. ಹೊಸ ಪಠ್ಯದ ಬಗ್ಗೆ, ಭಾಲ್ಕಿಯಲ್ಲಿ ನಮ್ಮ ಅವ್ವನ ಆರೋಗ್ಯದ ಬಗ್ಗೆ ವಿಚಾರಿಸಿದರು. ಚಹಾ ಮುಗಿದ ಮೇಲೆ, ಹೊರಗೆ ನೋಡುತ್ತ ಕೇಳಿದರು:

"ಎಷ್ಟ್ ಹೊತ್ತಿಗಿ ಬಣ್ಣ ಬಂತು?"

"ಎರಡ್ ತಾಸು ನಲವತ್ತು ನಿಮಿಷ," ಎಂದೆ.

ಅವರು ತಲೆಯಾಡಿಸಿದರು. ಬಹಳ ದಿನದಿಂದ ಕಾದಿದ್ದ ಉತ್ತರ ಸಿಕ್ಕವರಂತೆ ಅವರ ಕಣ್ಣಲ್ಲಿ ಒಂದು ಗಳಿಗೆ ಬೆಳಕು ಬಂದಿತು. ಆಮೇಲೆ ಅದೂ ಹೋಯಿತು. "ಯಾರಿಗಿ ಹೇಳಬೇಕಂತ ಮಾಡಿದ್ದಿ?"

"ತುಳಜಮ್ಮಗ. ಅಕೀನೇ ಕೇಳಿದ್ಳು."

ಅವರು ಮತ್ತೇನೂ ಕೇಳಲಿಲ್ಲ. ಬಹಳ ವರ್ಷ ಬದುಕಲೂ ಇಲ್ಲ. ಅವರು ಸತ್ತ ಸುದ್ದಿ ಒಂದು ಕಾರ್ಡಿನಲ್ಲಿ ಬಂತು. ಆ ವಾರ ನಾನು ಮಳೆಬಿಲ್ಲಿನ ಬಗ್ಗೆ ಬರೆದಿದ್ದೆ, ನಿಮ್ಮಲ್ಲಿ ಹಿರಿಯರು ಮೆಚ್ಚಿ ಪತ್ರ ಹಾಕಿದ್ದರು.

ಬೋಗುಣಿಯ ನೀರು ಚೆಲ್ಲಿದ ವಾರ, ಸುನಂದಾಳನ್ನು ಕರೆದುಕೊಂಡು ಆಟೋದಲ್ಲಿ ನೌಬಾದಿಗೆ ಹೋದೆ. ದಾರಿಯಲ್ಲಿ ಅವಳಿಗೆ ಎಲ್ಲ ಹೇಳಿದೆ. ಅವಳು ಕೇಳುತ್ತ ನನ್ನ ಕೈ ಹಿಡಿದೇ ಇದ್ದಳು. ಸುರಂಗದ ಬಾಯಿಗಳಿಗೆ ಈಗ ಕಂಬಿ ಹಾಕಿದ್ದಾರೆ, ನೋಡಲು ಜನ ಬರುತ್ತಾರೆ. ರತ್ನಮ್ಮ ಸಿಕ್ಕಳು. ನಾಲ್ಕು ವರ್ಷದ ರತ್ನಿ ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾಗಿ, ಕನ್ನಡಕ ಹಾಕಿಕೊಂಡು, ಸಿಮೆಂಟಿನ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟದ ಕೆಳಗೆ ಕೂತಿದ್ದಳು. ನನ್ನ ಹೆಸರು ಕೇಳಿ ಎದ್ದು ನಿಂತಳು. ಅವಳ ಮಗಳು ಈ ಅಂಕಣವನ್ನು ಅವಳಿಗೆ ಓದಿ ಹೇಳುತ್ತಿದ್ದಳಂತೆ.

ಕೂಡಿಸಿ ಹೇಳಿದೆ. ಅವಳ ತಾಯಿಯ ಪ್ರಶ್ನೆ, ನನ್ನ ಬಾಟಲಿ, ಮುದುಕಿಗೆ ಕೊಟ್ಟ ಉತ್ತರ, ಮಾಸ್ತರರಿಗೆ ಕೊಟ್ಟ ಉತ್ತರ. ಒಂದನ್ನೂ ಬಿಡಲಿಲ್ಲ. ಕೊನೆಗೆ, ಉತ್ತರ ಸಿಕ್ಕಿತ್ತವ್ವ, ಎರಡೂ ಒಂದೇ ನೀರಾಗಿತ್ತು, ನಿಮ್ಮವ್ವಗ ಹೇಳಲಿಕ್ಕೆ ಆಗಲಿಲ್ಲ ಎಂದೆ.

ರತ್ನಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಅದು ನಮಗ ಗೊತ್ತಿತ್ರಿ," ಎಂದಳು. "ಕೇರ್ಯಾಗ ಕೂಸಿಗೂ ಗೊತ್ತಿತ್ತು. ಅವರ ಕೊಡದಾಗಿನ ಹೂವು ಬಿದ್ರ ನಮ್ಮ ದೋಣ್ಯಾಗ ಬರ್ತಿತ್ತು. ಅದಕ್ಕ ಬಣ್ಣ ಯಾಕ ಬೇಕಾಗಿತ್ರಿ?"

ಅವಳು ಕನ್ನಡಕ ಮತ್ತೆ ಹಾಕಿಕೊಂಡಳು.

"ಆ ವಾರ ನಾ ಆಡ್ಕೋತ ಹೋಗಿ ಮ್ಯಾಲಿನ ಹಗ್ಗಾ ಮುಟ್ಟಿದ್ದೆಂತ್ರಿ. ನಮ್ಮವ್ವನ ಕರ್ದು ನಿಲ್ಲಿಸಿ ಮಂದ್ಯಾಗ ಬೈದ್ರಂತ, ನೀರು ಕೆಡ್ತು ಅಂತ. ಅಜ್ಜಿ ಹೇಳ್ತಿದ್ಳು. ಅಕಿ ನಿಮಗ ಕೇಳಿದ್ದು ತಿಳ್ಕೊಳ್ಳಾಕ ಅಲ್ಲರಿ. ನೀವು ಮಾಸ್ತರ್ರು, ಮ್ಯಾಲಿನ ಮಂದಿ ನಿಮ್ಮ ಮಾತು ಕೇಳ್ತಾರ. ನಿಮ್ಮ ಬಾಯಿಲಿಂದ ಒಂದ್ಸಲ ಅವರಿಗಿ ಹೇಳ್ಸಬೇಕಂತ ಕೇಳಿದ್ದು."

ಅವಳು ಅಳಲಿಲ್ಲ, ಕ್ಷಮಿಸಿದೆ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟಳು. ಕುಡಿದು ಎದ್ದು ಬಂದೆ.

ಮಾಸ್ತರರು ಅವತ್ತು ಚರಿಗೆ ಎತ್ತಿ ಕುಡಿದಾಗ ತುಳಜಮ್ಮನ ಪ್ರಶ್ನೆಗೆ ಉತ್ತರ ಕೊಟ್ಟಿದ್ದರು, ಪ್ರಶ್ನೆ ಏನೆಂದು ಗೊತ್ತಿಲ್ಲದೆಯೇ. ನಾನು ಪ್ರಶ್ನೆಯನ್ನು ಕಿವಿಯಾರೆ ಕೇಳಿದವನು, ಅದನ್ನು ನೀರಿನ ಪ್ರಶ್ನೆ ಎಂದುಕೊಂಡೆ. ಆಮೇಲೆ ಬರೆದ ನೂರಾರು ಲೇಖನಗಳಲ್ಲಿ ಎಷ್ಟು ಸಲ ಹೀಗೆ ಮಾಡಿದ್ದೇನೋ ನನಗೆ ಗೊತ್ತಿಲ್ಲ. ನಿಮ್ಮ ಪತ್ರಗಳು ಟ್ರಂಕಿನಲ್ಲಿವೆ. ಕಣ್ಣು ಇದ್ದಿದ್ದರೆ ಮತ್ತೊಮ್ಮೆ ಓದುತ್ತಿದ್ದೆ, ಯಾರು ಏನು ಕೇಳಿದ್ದರೆಂದು.

ಇನ್ನು ಬರೆಯುವುದಿಲ್ಲ. ಇಷ್ಟು ವರ್ಷ ಓದಿದಿರಿ, ನಿಮ್ಮ ಋಣ ದೊಡ್ಡದು. ಹೋಗುವ ಮೊದಲು ತುಳಜಮ್ಮ ನನ್ನಿಂದ ಹೇಳಿಸಬೇಕೆಂದಿದ್ದ ಮಾತನ್ನು, ಅವಳಿಗೆ ಕೇಳಿಸದಿದ್ದರೂ, ಮೇಲಿನ ಓಣಿಯವರೆಲ್ಲ ಓದುವ ಈ ಪತ್ರಿಕೆಯಲ್ಲಿ ಹೇಳಿ ಹೋಗುತ್ತೇನೆ. ನೀವು ಸೇದುತ್ತಿದ್ದ ನೀರು, ಅವಳು ತುಂಬುತ್ತಿದ್ದ ನೀರು, ಎರಡೂ ಒಂದೇ. ಅವಳ ಮಗಳು ಹಗ್ಗ ಮುಟ್ಟಿದ್ದರಿಂದ ಅದು ಕೆಟ್ಟಿರಲಿಲ್ಲ.